ಕ್ರಿಮಿನಲ್ ಕೇಸು ಬಂದಾಗ ಯಾವ ವಕೀಲರನ್ನು ಇಡಬೇಕು? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಪೊಲೀಸ್ ಕೇಸು ಎದುರಿಸುತ್ತಿರುವವರದು ಅಥವಾ ಅವರ ಮನೆಯವರದು. ಎಲ್ಲರೂ ಕೇಳಿರುವುದು ಒಂದೇ ವಿಷಯವನ್ನು: ವಕೀಲರನ್ನು ಹೇಗೆ ಆರಿಸಿಕೊಳ್ಳಬೇಕು, ಅವರೊಡನೆ ಹೇಗೆ ವ್ಯವಹರಿಸಬೇಕು? ಬರೆದವರ ಗುರುತು ಸಿಗಬಾರದೆಂದು ಊರು ಮತ್ತು ವಿವರಗಳನ್ನು ಅಲ್ಪಸ್ವಲ್ಪ ಬದಲಿಸಿದ್ದೇವೆ.

ಪ್ರಶ್ನೆ: ಅಡಿಕೆ ತೋಟದ ಗಡಿಯ ಅಗಳದ ಬಗ್ಗೆ ಪಕ್ಕದ ತೋಟದವರೊಡನೆ ನಮಗೆ ಹಲವು ವರ್ಷಗಳಿಂದ ಸಿವಿಲ್ ದಾವೆ ನಡೆಯುತ್ತಿದೆ. ಕಳೆದ ತಿಂಗಳು ಅಗಳ ತೋಡಿಸುವಾಗ ಮಾತಿಗೆ ಮಾತು ಬೆಳೆದು ಹೊಡೆದಾಟವಾಯಿತು. ಅವರ ಕಡೆಯ ಒಬ್ಬರ ಮುಂಗೈಗೆ ಗಾಯವಾಗಿದೆ. ನನ್ನ ತಮ್ಮ ಕತ್ತಿಯಿಂದ ಹೊಡೆದನೆಂದು ದೂರು ಕೊಟ್ಟಿದ್ದಾರೆ. ನಾವೂ ಪ್ರತಿದೂರು ಕೊಟ್ಟಿದ್ದೇವೆ. ಠಾಣೆಗೆ ಬರಬೇಕೆಂದು ನನಗೂ ತಮ್ಮನಿಗೂ ಪೊಲೀಸರು ನೋಟಿಸು ಕೊಟ್ಟಿದ್ದಾರೆ. ಸಿವಿಲ್ ದಾವೆ ನೋಡುತ್ತಿರುವ ವಕೀಲರಿಗೇ ಇದನ್ನೂ ಒಪ್ಪಿಸಬಹುದೇ? ಧಾರವಾಡದಿಂದ ದೊಡ್ಡ ವಕೀಲರನ್ನು ಕರೆಸಬೇಕೆಂದು ನಮ್ಮ ಭಾವ ಪಟ್ಟು ಹಿಡಿದಿದ್ದಾರೆ.
– ಹೆಸರು ಬೇಡ, ಶಿರಸಿ ತಾಲೂಕು

ಉತ್ತರ: ಮೊದಲು ನೋಟಿಸಿನ ವಿಷಯ, ಏಕೆಂದರೆ ಅದಕ್ಕೆ ದಿನ ಗೊತ್ತಾಗಿರುತ್ತದೆ. ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35(3)ನೇ ಕಲಮಿನ ನೋಟಿಸು ಆಗಿದ್ದರೆ, ಹೇಳಿದ ದಿನ ಹಾಜರಾಗಿ ಸಹಕರಿಸುವವರನ್ನು ಸಾಮಾನ್ಯವಾಗಿ ಬಂಧಿಸಕೂಡದು. ಬಂಧಿಸಲೇಬೇಕೆಂದು ಪೊಲೀಸರಿಗೆ ಅನಿಸಿದರೆ ಅದರ ಕಾರಣವನ್ನು ಬರೆದಿಡಬೇಕು. 7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನವನ್ನು ಯಾಂತ್ರಿಕವಾಗಿ ಮಾಡಬಾರದೆಂದು ಸುಪ್ರೀಂ ಕೋರ್ಟು 2014ರಲ್ಲೇ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ತಪ್ಪಿಸಿಕೊಂಡು ನೆಂಟರ ಮನೆಗೆ ಹೋಗಿ ಕೂರುವುದು ಎಲ್ಲಕ್ಕಿಂತ ಕೆಟ್ಟ ಸಲಹೆ. ಆದರೆ ಠಾಣೆಗೆ ಹೋಗುವ ಮೊದಲು ವಕೀಲರನ್ನು ಕಂಡಿರಬೇಕು. ಹೋಗಿ ಬಂದ ಮೇಲೆ ಕಾಣುತ್ತೇನೆಂದರೆ ಅರ್ಧ ಕೆಲಸ ಕೆಟ್ಟಿರುತ್ತದೆ. ಪೊಲೀಸರೆದುರು ಮಾಡಿದ ತಪ್ಪೊಪ್ಪಿಗೆಯನ್ನು ಕೋರ್ಟಿನಲ್ಲಿ ಆರೋಪಿಯ ವಿರುದ್ಧ ಬಳಸಲಾಗದು, ನಿಜ. ಆದರೆ ಪೊಲೀಸ್ ವಶದಲ್ಲಿರುವವನು ಕೊಟ್ಟ ಮಾಹಿತಿಯಿಂದ ಒಂದು ವಸ್ತು ಪತ್ತೆಯಾದರೆ, ಮಾಹಿತಿಯ ಅಷ್ಟು ಭಾಗ ಸಾಕ್ಷ್ಯವಾಗುತ್ತದೆ. ನಿಮ್ಮ ತಮ್ಮ ಕೊಟ್ಟಿಗೆಯ ಮಾಡಿನಿಂದ ಕತ್ತಿ ತೆಗೆದು ತೋರಿಸಿಕೊಟ್ಟನೆಂದು ಪಂಚನಾಮೆ ಆಗುವುದು ಹೀಗೆ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾವ ಆರೋಪಿಯನ್ನೂ ಒತ್ತಾಯಿಸುವಂತಿಲ್ಲವೆಂದು ಸಂವಿಧಾನದ 20(3)ನೇ ವಿಧಿ ಹೇಳುತ್ತದೆ. ಅದನ್ನು ಒರಟಾಗದಂತೆ ಬಳಸುವುದು ಹೇಗೆಂದು ವಕೀಲರು ನಿಮಗೆ ಮೊದಲೇ ತಿಳಿಸಿರಬೇಕು.

ಇನ್ನು ಆಯ್ಕೆಯ ವಿಷಯ. ನಮ್ಮ ಜಿಲ್ಲೆಯ ಊರುಗಳಲ್ಲಿ ಸಿವಿಲ್ ವಕೀಲರು, ಕ್ರಿಮಿನಲ್ ವಕೀಲರು ಎಂಬ ಗೆರೆ ಅಷ್ಟು ಸ್ಪಷ್ಟವಾಗಿಲ್ಲ. ಬಹಳಷ್ಟು ಜನ ಎರಡನ್ನೂ ನಡೆಸುತ್ತಾರೆ. ಆದ್ದರಿಂದ ಬೋರ್ಡು ನೋಡಿ ತೀರ್ಮಾನಿಸಬೇಡಿ. ಕ್ರಿಮಿನಲ್ ವಕೀಲರೆಂದರೆ ಜಾಮೀನು ಕೊಡಿಸುವವರು ಎಂಬ ಭಾವನೆ ಜನರಲ್ಲಿ ಗಟ್ಟಿಯಾಗಿದೆ, ಆಯ್ಕೆ ಕೆಡುವುದು ಅಲ್ಲಿಯೇ. ನಿಮ್ಮಂಥ ಪ್ರಕರಣದಲ್ಲಿ ಜಾಮೀನು ಹೆಚ್ಚು ಕಷ್ಟದ ಕೆಲಸವಲ್ಲ. ಗೆಲುವು ಸೋಲು ತೀರ್ಮಾನವಾಗುವುದು ಆಮೇಲೆ, ಬಹುಶಃ ವರ್ಷಗಳ ಮೇಲೆ, ಗಾಯಾಳು, ಪಂಚರು, ವೈದ್ಯರು ಮತ್ತು ತನಿಖಾಧಿಕಾರಿಯ ಪಾಟಿ ಸವಾಲಿನಲ್ಲಿ. ಅದನ್ನು ಮಾಡಬಲ್ಲವರು ಯಾರು ಎಂಬುದನ್ನೇ ನೀವು ಹುಡುಕಬೇಕು.

ನಿಮ್ಮ ಕೇಸಿನಲ್ಲಿಯೇ ನೋಡಿ. ಅಪಾಯಕಾರಿ ಆಯುಧದಿಂದ ಸಾದಾ ಗಾಯ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 118(1)ರ ಪ್ರಕಾರ 3 ವರ್ಷದವರೆಗೆ ಶಿಕ್ಷೆ. ಅದೇ ಗಾಯ ತೀವ್ರ ಸ್ವರೂಪದ್ದೆಂದಾದರೆ 118(2) ಬರುತ್ತದೆ. ಅದಕ್ಕೆ ಕನಿಷ್ಠ 1 ವರ್ಷ, ಗರಿಷ್ಠ 10 ವರ್ಷ ಅಥವಾ ಜೀವಾವಧಿ. ಮುಂಗೈ ಮೂಳೆ ಮುರಿದಿದ್ದರೆ ಗಾಯ ತೀವ್ರವೇ. ಮೂಳೆ ಮುರಿಯದಿದ್ದರೂ 15 ದಿನ ತೀವ್ರ ನೋವು ಅನುಭವಿಸಿದ್ದರೆ ಅಥವಾ ದಿನನಿತ್ಯದ ಕೆಲಸ ಮಾಡಲಾಗದಿದ್ದರೆ ಅದೂ ತೀವ್ರ ಗಾಯವಾಗುತ್ತದೆ. ಹಳೆಯ ದಂಡ ಸಂಹಿತೆಯಲ್ಲಿ ಈ ಅವಧಿ 20 ದಿನವಿತ್ತು. ಹೀಗಾಗಿ ಆಸ್ಪತ್ರೆಯ ಗಾಯ ಪ್ರಮಾಣಪತ್ರ ಮತ್ತು ಎಕ್ಸ್‌ರೇ ವರದಿಯ ಮೇಲೆ ಶಿಕ್ಷೆಯ ಅಳತೆಯೇ ನಿಂತಿದೆ. ಗಾಯದ ಅಂಚು ನೇರವಾಗಿ ಸೀಳಿದೆಯೋ ಜಜ್ಜಿದಂತಿದೆಯೋ, ಆಸ್ಪತ್ರೆಗೆ ಬಂದ ಕೂಡಲೇ ಗಾಯಾಳು ‘ಕತ್ತಿಯಿಂದ ಹೊಡೆದರು’ ಎಂದು ಬರೆಸಿದರೋ ‘ಅಗಳದಲ್ಲಿ ಬಿದ್ದೆ’ ಎಂದು ಬರೆಸಿದರೋ, ಜಗಳವಾದ ಹೊತ್ತಿಗೂ ಆಸ್ಪತ್ರೆ ಸೇರಿದ ಹೊತ್ತಿಗೂ ನಡುವೆ ಎಷ್ಟು ಅಂತರ ಎಂಬುದನ್ನೆಲ್ಲ ವೈದ್ಯರ ಬಾಯಿಂದ ಹೊರಡಿಸುವುದು ಅನುಭವದ ಕೆಲಸ. ಚಿರೇಕಲ್ಲಿನ ಮೇಲೆ ಬಿದ್ದ ಗಾಯಕ್ಕೂ ಕತ್ತಿಯ ಗಾಯಕ್ಕೂ ಇರುವ ವ್ಯತ್ಯಾಸವನ್ನು ಕೇಳಲು ತಿಳಿಯದ ವಕೀಲರು ಕೈಯಲ್ಲಿದ್ದ ಕೇಸನ್ನು ಬಿಟ್ಟುಕೊಟ್ಟಂತೆ.

ನಿಮ್ಮ ಸಿವಿಲ್ ವಕೀಲರಿಗೆ ಒಂದು ದೊಡ್ಡ ಅನುಕೂಲವಿದೆ: ಸರ್ವೆ ನಕ್ಷೆ, ಹಳೆಯ ದಾವೆ, ಹಗೆತನದ ಹಿನ್ನೆಲೆ ಎಲ್ಲ ಅವರಿಗೆ ಗೊತ್ತು. ‘ನೀವು ಪೂರ್ತಿ ವಿಚಾರಣೆ ನಡೆಸಿ ತೀರ್ಪಿನವರೆಗೆ ಒಯ್ದ ಹೊಡೆದಾಟದ ಕೇಸುಗಳಿವೆಯೇ?’ ಎಂದು ಅವರನ್ನು ನೇರವಾಗಿ ಕೇಳಿ. ಇಲ್ಲವೆಂದು ಪ್ರಾಮಾಣಿಕವಾಗಿ ಹೇಳಿದರೆ ಅವರನ್ನು ಜೊತೆಗಿಟ್ಟುಕೊಂಡು, ಕ್ರಿಮಿನಲ್ ವಿಚಾರಣೆ ನಡೆಸುವ ಇನ್ನೊಬ್ಬರಿಗೆ ವಕಾಲತ್ತು ಕೊಡಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ವಕೀಲರ ಹೆಸರಿನಿಂದಲೇ ಪ್ರಕರಣಗಳನ್ನು ಹುಡುಕಲು ಬರುತ್ತದೆ. ಯಾವ ಕೋರ್ಟಿನಲ್ಲಿ ಯಾವ ಬಗೆಯ ಕೇಸುಗಳಿವೆ ಎಂಬುದು ತಿಳಿಯುತ್ತದೆ. ಅದಕ್ಕಿಂತ ಒಳ್ಳೆಯ ದಾರಿಯೆಂದರೆ ಒಂದು ಮುಂಜಾನೆ ಶಿರಸಿಯ ಕೋರ್ಟಿನಲ್ಲಿ ಹೋಗಿ ಕುಳಿತುಕೊಳ್ಳುವುದು. ಸಾಮಾನ್ಯ ವಿಚಾರಣೆ ಎಲ್ಲರಿಗೂ ತೆರೆದದ್ದು. ಯಾರು ಕಡತ ಓದಿಕೊಂಡು ಬಂದಿದ್ದಾರೆ, ಯಾರು ವಾಯಿದೆ ಕೇಳುವುದಕ್ಕಷ್ಟೇ ನಿಲ್ಲುತ್ತಾರೆ ಎಂಬುದು ಎರಡು ತಾಸಿನಲ್ಲಿ ಕಾಣುತ್ತದೆ.

ನಿಮ್ಮ ಭಾವನವರ ಕಾಳಜಿ ಅರ್ಥವಾಗುತ್ತದೆ, ಆದರೆ ಸಲಹೆಯನ್ನು ನಾನು ಒಪ್ಪುವುದಿಲ್ಲ. ಧಾರವಾಡದಲ್ಲಿ ಹೈಕೋರ್ಟು ಪೀಠವಿದೆ, 2013ರಿಂದ ಅದು ಕಾಯಂ ಪೀಠ, ಉತ್ತರ ಕನ್ನಡ ಅದರ ವ್ಯಾಪ್ತಿಗೆ ಬರುತ್ತದೆ. ಸೆಷನ್ಸ್ ಕೋರ್ಟು ಜಾಮೀನು ನಿರಾಕರಿಸಿದರೆ ಅಥವಾ ನಾಗರಿಕ ಸುರಕ್ಷಾ ಸಂಹಿತೆಯ 528ನೇ ಕಲಮಿನಡಿ ಕೇಸು ರದ್ದು ಮಾಡಿಸಬೇಕಾದರೆ ಅಲ್ಲಿಯ ವಕೀಲರು ಬೇಕಾಗುತ್ತಾರೆ. ಶಿರಸಿಯ ಮ್ಯಾಜಿಸ್ಟ್ರೇಟರ ಮುಂದಿನ ಪ್ರತಿ ವಾಯಿದೆಗೂ ಅವರೇ ಬರುತ್ತಾರೆಂದು ನಂಬಿದರೆ, ಕೊನೆಗೆ ನೀವು ಕಾಣುವುದು ಅವರ ಕಿರಿಯ ವಕೀಲರನ್ನು.

ಇನ್ನೊಂದು ಮಾತನ್ನು ಅಣ್ಣತಮ್ಮಂದಿರಿಗೆ ಹೇಳುವುದು ಕಷ್ಟ. ಇಬ್ಬರಿಗೂ ಒಬ್ಬರೇ ವಕೀಲರು ಸಾಕೇ ಎಂಬುದನ್ನು ಮೊದಲ ಭೇಟಿಯಲ್ಲೇ ಇತ್ಯರ್ಥ ಮಾಡಿಕೊಳ್ಳಿ. ಜಗಳದ ಹೊತ್ತಿಗೆ ನೀವು ದೂರದಲ್ಲಿದ್ದಿರಿ, ಕತ್ತಿ ತಮ್ಮನ ಕೈಯಲ್ಲಿತ್ತು ಎಂಬುದೇ ನಿಮ್ಮ ಸಮರ್ಥನೆಯಾಗುವುದಾದರೆ ಆ ವಕೀಲರು ಇಬ್ಬರ ಪರವಾಗಿ ವಾದಿಸಲಾರರು. ನಡೆದದ್ದನ್ನು ನಡೆದ ಹಾಗೆಯೇ ವಕೀಲರ ಮುಂದೆ ಹೇಳಿ, ಕತ್ತಿ ಇದ್ದದ್ದು ನಿಜವಾದರೆ ಅದನ್ನೂ ಹೇಳಿ. ಕಕ್ಷಿದಾರ ಹೇಳಿದ್ದನ್ನು ವಕೀಲರು ಹೊರಗೆಡಹುವಂತಿಲ್ಲವೆಂದು ಸಾಕ್ಷ್ಯ ಅಧಿನಿಯಮದ 132ನೇ ಕಲಂ ರಕ್ಷಣೆ ಕೊಡುತ್ತದೆ.

ನಿಮ್ಮ ಪ್ರತಿದೂರನ್ನು ನಡೆಸುವವರು ಸರ್ಕಾರಿ ಅಭಿಯೋಜಕರು, ನಿಮ್ಮ ವಕೀಲರು ಅದರಲ್ಲಿ ಸಹಾಯ ಮಾತ್ರ ಮಾಡಬಹುದು. ಎರಡೂ ಪ್ರಕರಣಗಳು ಒಬ್ಬರೇ ನ್ಯಾಯಾಧೀಶರ ಮುಂದೆ, ಒಂದರ ಹಿಂದೊಂದು ನಡೆಯುವಂತೆ ನೋಡಿಕೊಳ್ಳುವುದು ಮುಖ್ಯ. ಅದನ್ನು ಈಗಲೇ ನಿಮ್ಮ ವಕೀಲರ ಗಮನಕ್ಕೆ ತನ್ನಿ.

ಪ್ರಶ್ನೆ: ಅಣ್ಣನ ಮೇಲಿನ ಕೇಸಿಗೆ ಒಬ್ಬ ವಕೀಲರು ಒಟ್ಟು ಮೊತ್ತ ಹೇಳಿ ‘ಖುಲಾಸೆ ಗ್ಯಾರಂಟಿ, ಮೇಲೆ ಕೊಡುವುದೂ ಇದರಲ್ಲೇ ಬಂತು’ ಎಂದಿದ್ದಾರೆ. ಇನ್ನೊಬ್ಬರು ಹಂತಹಂತವಾಗಿ ಫೀ ತೆಗೆದುಕೊಳ್ಳುತ್ತಾರೆ, ಭರವಸೆ ಏನೂ ಕೊಡುವುದಿಲ್ಲ. ಯಾರನ್ನು ಒಪ್ಪಬೇಕು?
– ಕುಮಟಾದ ಓದುಗರು

ಉತ್ತರ: ಎರಡನೆಯವರನ್ನು. ಇದರಲ್ಲಿ ಯೋಚಿಸುವುದಕ್ಕೇನೂ ಇಲ್ಲ.

ತೀರ್ಪಿನ ಗ್ಯಾರಂಟಿ ಕೊಡುವವರು ತಮ್ಮ ಕೈಯಲ್ಲಿಲ್ಲದ್ದನ್ನು ಮಾರುತ್ತಿದ್ದಾರೆ. ಗೆದ್ದರೆ ಇಷ್ಟು, ಸೋತರೆ ಇಷ್ಟು ಎಂದು ಫಲಿತಾಂಶಕ್ಕೆ ಫೀ ಕಟ್ಟುವುದನ್ನೂ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ‘ಮೇಲೆ ಕೊಡುವುದು’ ಎಂಬ ಮಾತು ಇನ್ನೂ ಅಪಾಯದ್ದು. ಭ್ರಷ್ಟಾಚಾರ ತಡೆ ಕಾಯಿದೆಗೆ 2018ರಲ್ಲಿ ತಿದ್ದುಪಡಿಯಾದ ಮೇಲೆ ಲಂಚ ಕೊಡುವವರಿಗೂ 7 ವರ್ಷದವರೆಗೆ ಶಿಕ್ಷೆಯಿದೆ. ಒಂದು ಕೇಸಿನಿಂದ ಪಾರಾಗಲು ಹೋಗಿ ನಿಮ್ಮ ಮನೆಯವರು ಇನ್ನೊಂದರಲ್ಲಿ ಸಿಕ್ಕಿಬೀಳುತ್ತೀರಿ. ಆ ಹಣ ಹೆಚ್ಚಿನ ಸಲ ಎಲ್ಲಿಗೂ ‘ಮೇಲೆ’ ಹೋಗುವುದಿಲ್ಲ ಎಂಬುದು ಕೋರ್ಟಿನ ಆವರಣದಲ್ಲಿ ಓಡಾಡುವ ಎಲ್ಲರಿಗೂ ಗೊತ್ತಿರುವ ಸಂಗತಿ.

ಹಂತದ ಫೀ ಎಂದರೆ ಯಾವ ಹಂತಗಳು ಎಂಬುದನ್ನು ಕೇಳಿ ಬರೆಸಿಕೊಳ್ಳಿ. ಜಾಮೀನು ಅರ್ಜಿ, ಚಾರ್ಜ್‌ಶೀಟ್ ಬಂದ ಮೇಲೆ ಆರೋಪ ಹೊರಿಸುವ ಬಗೆಗಿನ ವಾದ, ಸಾಕ್ಷಿ ವಿಚಾರಣೆ ಮತ್ತು ಅಂತಿಮ ವಾದ ಎಂದು ಸಾಮಾನ್ಯವಾಗಿ ವಿಂಗಡಿಸುತ್ತಾರೆ. ಮೇಲ್ಮನವಿ ಬೇರೆ ಲೆಕ್ಕ. ಜಾಮೀನು ಸಿಕ್ಕರೆ ಬೇಕಾಗುವ ಜಾಮೀನುದಾರರು, ಅವರ ಪಹಣಿ, ಮುಚ್ಚಳಿಕೆಯ ಖರ್ಚು ಫೀಯಲ್ಲಿ ಸೇರುವುದಿಲ್ಲ. ಇದ್ದ ಹಣವನ್ನೆಲ್ಲ ಜಾಮೀನಿನ ಹಂತದಲ್ಲೇ ಸುರಿದು, ಸಾಕ್ಷಿ ವಿಚಾರಣೆಯ ಹೊತ್ತಿಗೆ ‘ಯಾರಾದರೂ ಸಾಕು’ ಎನ್ನುವ ಕುಟುಂಬಗಳು ನಮ್ಮಲ್ಲಿ ಬಹಳ. ಮೊದಲಿನಿಂದಲೇ ಅರ್ಧಕ್ಕಿಂತ ಹೆಚ್ಚಿನದನ್ನು ಆ ಹಂತಕ್ಕೆ ಎತ್ತಿಡಿ. ಹಣವನ್ನು ಬ್ಯಾಂಕಿನ ಮೂಲಕ ಕೊಟ್ಟು ರಸೀದಿ ಪಡೆಯಿರಿ. ರಸೀದಿ ಕೇಳಿದರೆ ಮುಖ ಗಂಟಿಕ್ಕುವ ವಕೀಲರು ಕೇಸಿನ ಪ್ರಗತಿ ಕೇಳಿದಾಗಲೂ ಹಾಗೆಯೇ ಮಾಡುತ್ತಾರೆ.

ಪ್ರಶ್ನೆ: ನನ್ನ ಮಗ ಬೋಟಿನ ಕೆಲಸಗಾರ. ಬಂದರಿನಲ್ಲಿ ಬಲೆ ಮತ್ತು ಎಂಜಿನ್ ಸಾಮಾನು ಕಳವಾದ ಕೇಸಿನಲ್ಲಿ ಅವನನ್ನು ಜೈಲಿಗೆ ಕಳಿಸಿದ್ದಾರೆ. ಇದು ಅವನ ಮೇಲಿನ ಮೊದಲ ಕೇಸು. ನಮ್ಮ ಹತ್ತಿರ ಹಣವಿಲ್ಲ, ಪಹಣಿ ಇರುವ ನೆಂಟರೂ ಇಲ್ಲ. ಸರ್ಕಾರ ಕೊಡುವ ವಕೀಲರು ಕೆಲಸ ಮಾಡುವುದಿಲ್ಲ ಎನ್ನುತ್ತಾರೆ, ಹೌದೇ?
– ಒಬ್ಬ ತಾಯಿ, ಅಂಕೋಲಾ

ಉತ್ತರ: ಅಮ್ಮ, ಹಾಗೆಂದು ಎಲ್ಲರನ್ನೂ ಒಂದೇ ಸಾಲಿಗೆ ಸೇರಿಸಬೇಡಿ. ನಿಮ್ಮ ಮಗ ಬಂಧನದಲ್ಲಿರುವುದರಿಂದ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೇ ಕಲಮಿನ ಪ್ರಕಾರ ಉಚಿತ ವಕೀಲರನ್ನು ಪಡೆಯಲು ಅರ್ಹ. ಅದಕ್ಕೆ ಆದಾಯ ಪ್ರಮಾಣಪತ್ರ ಬೇಡ. ಅಂಕೋಲಾ ಕೋರ್ಟಿನ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಅಥವಾ ಕಾರವಾರದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಬಿಳಿ ಹಾಳೆಯ ಮೇಲೆ ಬರೆದುಕೊಟ್ಟರೂ ಸಾಕು. 15100 ಸಹಾಯವಾಣಿಗೆ ಕರೆ ಮಾಡಬಹುದು. ನಿಮ್ಮ ಮಗನೇ ಜೈಲಿನ ಅಧಿಕಾರಿಗಳ ಮೂಲಕವೂ ಅರ್ಜಿ ಕೊಡಬಹುದು. ಆರೋಪಿಗಳ ಪರ ಕೆಲಸ ಮಾಡಲೆಂದೇ ನೇಮಕವಾದ ಕಾನೂನು ನೆರವು ಅಭಿರಕ್ಷಕರ ವ್ಯವಸ್ಥೆ ಈಗ ಜಿಲ್ಲಾ ಮಟ್ಟದಲ್ಲಿದೆ. ಅವರು ಸಂಬಳ ಪಡೆಯುವವರು, ನಿಮ್ಮಿಂದ ಒಂದು ರೂಪಾಯಿಯನ್ನೂ ಕೇಳುವಂತಿಲ್ಲ. ಯಾರಾದರೂ ಕೇಳಿದರೆ ಪ್ರಾಧಿಕಾರದ ಕಾರ್ಯದರ್ಶಿಗೆ ಹೇಳಿ, ಅವರು ನ್ಯಾಯಾಧೀಶರೇ ಆಗಿರುತ್ತಾರೆ.

ಆ ವಕೀಲರು ಕೆಲಸ ಮಾಡುತ್ತಿದ್ದಾರೋ ಇಲ್ಲವೋ ಎಂದು ತಿಳಿಯಲು ನೀವು ಕೇಳಬೇಕಾದ ಪ್ರಶ್ನೆ ಒಂದೇ: ‘ಮಗನನ್ನು ಕೋರ್ಟಿನಿಂದ ಜೈಲಿಗೆ ಕಳಿಸಿ ಇವತ್ತಿಗೆ ಎಷ್ಟು ದಿನವಾಯಿತು?’ ಸಾದಾ ಕಳವಿನ ಕೇಸಿನಲ್ಲಿ 60 ದಿನದೊಳಗೆ ಪೊಲೀಸರು ಚಾರ್ಜ್‌ಶೀಟ್ ಹಾಕದಿದ್ದರೆ ಜಾಮೀನು ಪಡೆಯುವುದು ಆರೋಪಿಯ ಹಕ್ಕಾಗುತ್ತದೆ; ಹೆಚ್ಚು ಶಿಕ್ಷೆಯ ಗಂಭೀರ ಅಪರಾಧಗಳಲ್ಲಿ ಈ ಅವಧಿ 90 ದಿನ. ಆದರೆ ಅವಧಿ ಮುಗಿದ ಮೇಲೆ, ಚಾರ್ಜ್‌ಶೀಟ್ ಬರುವ ಮೊದಲು ಅರ್ಜಿ ಹಾಕಿರಬೇಕು. ಒಂದು ದಿನ ತಡವಾದರೂ ಹಕ್ಕು ತಪ್ಪಿಹೋಗಬಹುದು. ಈ ಲೆಕ್ಕ ಬಾಯಲ್ಲಿರುವ ವಕೀಲರು ಒಳ್ಳೆಯವರು, ಫೀ ತೆಗೆದುಕೊಂಡರೂ ತೆಗೆದುಕೊಳ್ಳದಿದ್ದರೂ. 60 ದಿನದವರೆಗೆ ಕಾಯಬೇಕೆಂದು ಇದರ ಅರ್ಥವಲ್ಲ, ಸಾಮಾನ್ಯ ಜಾಮೀನು ಅರ್ಜಿಯನ್ನು ಈಗಲೇ ಹಾಕಿಸಿ.

ಜಾಮೀನು ಆದೇಶವಾಗಿಯೂ ಜಾಮೀನುದಾರರು ಸಿಗದೆ 7 ದಿನದೊಳಗೆ ಬಿಡುಗಡೆಯಾಗದಿದ್ದರೆ ಜೈಲಿನ ಅಧೀಕ್ಷಕರು ಪ್ರಾಧಿಕಾರಕ್ಕೆ ತಿಳಿಸಬೇಕೆಂದು, ಒಂದು ತಿಂಗಳೊಳಗೆ ಜಾಮೀನು ಪತ್ರ ಒದಗಿಸಲಾಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸುವ ಬಗ್ಗೆ ಯೋಚಿಸಬಹುದೆಂದು ಸುಪ್ರೀಂ ಕೋರ್ಟು 2023ರ ಜನವರಿಯಲ್ಲಿ ನಿರ್ದೇಶನ ಕೊಟ್ಟಿದೆ. ಪಹಣಿ ಇಲ್ಲವೆಂಬ ಮಾತನ್ನು ವಕೀಲರಿಗೆ ಮೊದಲೇ ಹೇಳಿಡಿ.

ಪ್ರಶ್ನೆ: ನನ್ನ ಮೇಲೆ ಚಾರ್ಜ್‌ಶೀಟ್ ಆಗಿ ಹೊನ್ನಾವರ ಕೋರ್ಟಿನಲ್ಲಿ ವಿಚಾರಣೆ ನಡೆಯುತ್ತಿದೆ. ನನ್ನ ವಕೀಲರು ಎಷ್ಟೋ ಸಲ ಬರುವುದೇ ಇಲ್ಲ. ಬದಲಿಸುತ್ತೇನೆಂದರೆ ಬಾಕಿ ಕೊಡುವವರೆಗೆ ಫೈಲು ಕೊಡುವುದಿಲ್ಲ ಎನ್ನುತ್ತಾರೆ. ಪಾಸ್‌ಪೋರ್ಟ್ ನವೀಕರಿಸಿ ಮತ್ತೆ ಗಲ್ಫಿಗೆ ಕೆಲಸಕ್ಕೆ ಹೋಗಬೇಕಾಗಿದೆ.
– ಹೊನ್ನಾವರ

ಉತ್ತರ: ಫೀ ಬಾಕಿಯಿದೆ ಎಂದು ಕಕ್ಷಿದಾರರ ಕಾಗದಪತ್ರಗಳನ್ನು ಹಿಡಿದಿಟ್ಟುಕೊಳ್ಳಲು ವಕೀಲರಿಗೆ ಹಕ್ಕಿಲ್ಲವೆಂದು ಸುಪ್ರೀಂ ಕೋರ್ಟು 2000ದಲ್ಲೇ ಸ್ಪಷ್ಟಪಡಿಸಿದೆ. ಬಾಕಿಯನ್ನು ಅವರು ಬೇರೆ ದಾರಿಯಲ್ಲಿ ವಸೂಲಿ ಮಾಡಿಕೊಳ್ಳಬೇಕು. ನಿಜವಾಗಿಯೂ ಬಾಕಿ ಇದ್ದರೆ ಕೊಟ್ಟು ಮುಗಿಸುವುದು ಮರ್ಯಾದೆ. ಅದು ಬೇರೆ ಮಾತು. ಹೊಸ ವಕಾಲತ್ತಿಗೆ ಹಳೆಯ ವಕೀಲರ ಆಕ್ಷೇಪಣೆ ಇಲ್ಲವೆಂಬ ಸಹಿ ಪಡೆಯುವುದು ರೂಢಿ. ಅವರು ಒಪ್ಪದಿದ್ದರೆ ಕೋರ್ಟಿನ ಅನುಮತಿ ಕೇಳಿ ಅರ್ಜಿ ಹಾಕಬಹುದು. ಚಾರ್ಜ್‌ಶೀಟ್, ಸಾಕ್ಷಿ ಹೇಳಿಕೆಗಳ ದೃಢೀಕೃತ ಪ್ರತಿಗಳು ಕೋರ್ಟಿನಲ್ಲಿಯೇ ಸಿಗುತ್ತವೆ. ತೀರ ಹದ್ದು ಮೀರಿದರೆ ವಕೀಲರ ಕಾಯಿದೆಯ 35ನೇ ಕಲಮಿನಡಿ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು, ಆದರೆ ಅದರಿಂದ ನಿಮ್ಮ ಕೇಸು ಮುಂದೆ ಹೋಗುವುದಿಲ್ಲ.

ಬದಲಿಸುವುದಾದರೆ ಈಗಲೇ ಬದಲಿಸಿ. ವಕೀಲರು ಬದಲಾದರೆಂಬ ಒಂದೇ ಕಾರಣಕ್ಕೆ, ಮುಗಿದ ಸಾಕ್ಷಿಗಳನ್ನು ಮತ್ತೆ ಕರೆಸಿ ಪಾಟಿ ಸವಾಲು ಮಾಡಲು ಬಿಡಲಾಗದೆಂದು ಸುಪ್ರೀಂ ಕೋರ್ಟು 2015ರಲ್ಲಿ ಹೇಳಿದೆ. ಅವರು ಬಾರದ ದಿನಗಳಲ್ಲಿ ಯಾವ ಸಾಕ್ಷಿಯ ಪಾಟಿ ಸವಾಲು ‘ಇಲ್ಲ’ ಎಂದು ದಾಖಲಾಗಿದೆ ಎಂಬುದನ್ನು ಹೊಸ ವಕೀಲರು ಮೊಟ್ಟಮೊದಲು ನೋಡಬೇಕು.

ಪಾಸ್‌ಪೋರ್ಟಿನ ವಿಷಯದಲ್ಲಿ ಕೇಸು ಇರುವುದನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ. ಕ್ರಿಮಿನಲ್ ಪ್ರಕರಣ ಬಾಕಿಯಿರುವವರು ಅದು ಇರುವ ಕೋರ್ಟಿನಿಂದ ವಿದೇಶಕ್ಕೆ ಹೋಗಲು ಅನುಮತಿ ಆದೇಶ ತಂದರೆ ಪಾಸ್‌ಪೋರ್ಟ್ ಸಿಗುತ್ತದೆ. ಆದೇಶದಲ್ಲಿ ಅವಧಿ ನಮೂದಾಗಿರದಿದ್ದರೆ ಒಂದೇ ವರ್ಷಕ್ಕೆ ಕೊಡುತ್ತಾರೆ. ಆದ್ದರಿಂದ ಅರ್ಜಿಯಲ್ಲಿ ಇಂತಿಷ್ಟು ವರ್ಷವೆಂದು ಕೇಳಲು ಮತ್ತು ಖುದ್ದು ಹಾಜರಾತಿಯಿಂದ ವಿನಾಯಿತಿ ಕೋರಲು ವಕೀಲರಿಗೆ ಹೇಳಿ. ವಿನಾಯಿತಿ ಇಲ್ಲದೆ ವಿಮಾನ ಹತ್ತಿದರೆ ವಾರಂಟು ಹೊರಡುತ್ತದೆ, ಜಾಮೀನು ನಿಂತವರಿಗೂ ತೊಂದರೆಯಾಗುತ್ತದೆ.

ಪ್ರಶ್ನೆ: ಗೋವಾದಿಂದ ಬರುವಾಗ ಮಾಜಾಳಿ ಚೆಕ್‌ಪೋಸ್ಟಿನಲ್ಲಿ ನನ್ನ ಬೈಕಿನಲ್ಲಿ ಮದ್ಯದ ಬಾಟಲಿಗಳು ಸಿಕ್ಕಿ ಕೇಸು ಹಾಕಿದ್ದಾರೆ. ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಮುಗಿಯಿತು, ವಕೀಲರು ಯಾಕೆ ಎನ್ನುತ್ತಾರೆ ಗೆಳೆಯರು.
– ಕಾರವಾರದ ಯುವಕ

ಉತ್ತರ: ದಂಡ ಕಟ್ಟುವುದೆಂದರೆ ಅಪರಾಧಿಯೆಂದು ತೀರ್ಪು ಪಡೆದುಕೊಳ್ಳುವುದೇ, ಗೆಳೆಯರು ಅದನ್ನು ಹೇಳಿದಂತಿಲ್ಲ. ನಿಮ್ಮ ಊರಿನ ಹುಡುಗರು ಸೀಬರ್ಡ್ ನೌಕಾನೆಲೆಯಲ್ಲಿ, ಕೈಗಾದಲ್ಲಿ ಗುತ್ತಿಗೆ ಕೆಲಸಕ್ಕೆ ಹೋಗುವಾಗಲೂ ಪೊಲೀಸ್ ಪರಿಶೀಲನೆ ಇರುತ್ತದೆ, ಸರ್ಕಾರಿ ನೌಕರಿಯ ಅರ್ಜಿಯಲ್ಲಿ ಶಿಕ್ಷೆಯಾಗಿದೆಯೇ ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಬಾಟಲಿಗಳು ಎಷ್ಟಿದ್ದವು, ಪಂಚರು ಯಾರು, ಮಾದರಿಯನ್ನು ಪರೀಕ್ಷೆಗೆ ಕಳಿಸಿದ್ದಾರೆಯೇ ಎಂಬುದನ್ನು ಓದಿ ನೋಡಿದ ಮೇಲೆ, ತಪ್ಪೊಪ್ಪಿಕೊಳ್ಳುವುದೇ ಮೇಲು ಎಂದು ವಕೀಲರು ಹೇಳಬಹುದು. ಹಾಗೆ ಹೇಳುವ ಪ್ರಾಮಾಣಿಕರೂ ಇದ್ದಾರೆ. ಆದರೆ ಅದನ್ನು ಕಾಗದ ಓದಿದವರು ಹೇಳಬೇಕು. ಬೈಕಿನ ಮುಟ್ಟುಗೋಲಿನ ವಿಚಾರಣೆ ಅಬಕಾರಿ ಇಲಾಖೆಯ ಅಧಿಕಾರಿಯ ಮುಂದೆ ಪ್ರತ್ಯೇಕವಾಗಿ ನಡೆಯುತ್ತದೆ, ಕೋರ್ಟಿನಲ್ಲಿ ದಂಡ ಕಟ್ಟಿದ ಮಾತ್ರಕ್ಕೆ ಬೈಕು ತಾನಾಗಿ ವಾಪಸು ಬರುವುದಿಲ್ಲ. ಆ ಕಡೆಯಿಂದ ನಿಮಗೆ ಬಂದ ನೋಟಿಸಿಗೆ ಉತ್ತರ ಕೊಡುವ ಗಡುವು ಯಾವತ್ತು ಎಂಬುದನ್ನು ಇವತ್ತೇ ನೋಡಿಕೊಳ್ಳಿ.